ಕರುಳಿನ ಗಂಟು ಕ್ಯಾನ್ಸರ್ ಆಗುವ ಮೊದಲೇ

ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರ್ ಬಹುತೇಕ ಪಾಲಿಪ್ ಎಂಬ ಸಣ್ಣ ಗಂಟಿನಿಂದ ಶುರುವಾಗುತ್ತದೆ. ಕರುಳಿನ ಒಳಪದರದಲ್ಲಿ ಮೂಡುವ ಈ ಗಂಟು ನೋಯುವುದಿಲ್ಲ, ಹಸಿವು ಕೆಡಿಸುವುದಿಲ್ಲ. ಎಲ್ಲ ಪಾಲಿಪ್‌ಗಳೂ ಕ್ಯಾನ್ಸರ್ ಆಗುವುದಿಲ್ಲ. ಆಗುವಂಥವಕ್ಕೂ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಬೇಕು. ಅಷ್ಟರೊಳಗೆ ಗಂಟನ್ನು ಕಂಡು ತೆಗೆದುಹಾಕಿದರೆ ಅಲ್ಲಿ ಕ್ಯಾನ್ಸರ್ ಹುಟ್ಟುವುದೇ ಇಲ್ಲ. ರೋಗವನ್ನು ಬೇಗ ಹಿಡಿಯುವುದಷ್ಟೇ ಅಲ್ಲ, ಬಾರದಂತೆ ತಡೆಯುವುದೂ ಇಲ್ಲಿ ಸಾಧ್ಯ.

2022ರಲ್ಲಿ ಜಗತ್ತಿನಾದ್ಯಂತ 19 ಲಕ್ಷಕ್ಕೂ ಹೆಚ್ಚು ಜನರಿಗೆ ಈ ಕಾಯಿಲೆ ಬಂತು, ಸುಮಾರು 9 ಲಕ್ಷ ಜನ ತೀರಿಕೊಂಡರು. ಭಾರತದಲ್ಲಿ ಅದೇ ವರ್ಷದ ಹೊಸ ರೋಗಿಗಳು ಸುಮಾರು 70 ಸಾವಿರ ಎಂಬ ಅಂದಾಜಿದೆ. ಜನಸಂಖ್ಯೆಗೆ ಹೋಲಿಸಿದರೆ ಇದು ಪಾಶ್ಚಾತ್ಯ ದೇಶಗಳಿಗಿಂತ ಬಹಳ ಕಡಿಮೆ. ಪುಣೆಯಲ್ಲಿ ಇಂಡಿಯನ್ ಕ್ಯಾನ್ಸರ್ ಸೊಸೈಟಿ 1970ರ ದಶಕದಲ್ಲೇ ನಗರದ ಕ್ಯಾನ್ಸರ್ ರೋಗಿಗಳ ನೋಂದಣಿ ಶುರುಮಾಡಿತು. ದೇಶದ ಹಳೆಯ ನೋಂದಣಿಗಳಲ್ಲಿ ಅದೂ ಒಂದು. ಆದರೆ ಎಣಿಕೆ ಬೇರೆ, ತಪಾಸಣೆ ಬೇರೆ. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳಿಗೆ ಮಾತ್ರ ಸಾಮೂಹಿಕ ತಪಾಸಣೆಯನ್ನು ಗೊತ್ತುಮಾಡಿತು. ಕರುಳು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಪುಣೆಯ ನಿವಾಸಿಯಾಗಲಿ ಬೆಳಗಾವಿಯವರಾಗಲಿ ತಾವಾಗಿಯೇ ವೈದ್ಯರನ್ನು ಕೇಳಿದರೆ ಮಾತ್ರ ಕರುಳಿನ ತಪಾಸಣೆ ಆಗುತ್ತದೆ.

ತಪಾಸಣೆ ಶುರುಮಾಡಬೇಕಾದದ್ದು ಯಾವ ವಯಸ್ಸಿನಲ್ಲಿ? ಜಪಾನ್ 1992ರಿಂದ 40 ದಾಟಿದವರಿಗೆ ಮಲಪರೀಕ್ಷೆ ನಡೆಸುತ್ತಿದೆ. ಅಮೆರಿಕದ ತಜ್ಞರ ಸಮಿತಿ 2021ರಲ್ಲಿ ಆರಂಭದ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿತು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ 800 ರೋಗಿಗಳ ಅಧ್ಯಯನವೊಂದರಲ್ಲಿ ಸರಾಸರಿ ವಯಸ್ಸು ಸುಮಾರು 47 ಇತ್ತು. ಐವತ್ತಾಗಲಿ ನೋಡೋಣ ಎಂದು ಕಾಯುವುದು ನಮ್ಮಲ್ಲಿ ಜಾಣತನವಲ್ಲ. ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಈ ರೋಗ ಬಂದಿದ್ದರೆ 40ಕ್ಕೆ, ಇಲ್ಲವೇ ಅವರಿಗೆ ರೋಗ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮುಂಚೆ, ಯಾವುದು ಮೊದಲೋ ಆಗ ಕೊಲೊನೊಸ್ಕೊಪಿ, ಅಂದರೆ ಕ್ಯಾಮೆರಾ ಕೊಳವೆಯಿಂದ ಕರುಳನ್ನು ನೋಡುವ ಪರೀಕ್ಷೆ, ಮಾಡಿಸಬೇಕು.

ಮಲದಲ್ಲಿ ರಕ್ತ ಕಂಡವರ ವಿಷಯ ಬೇರೆ. ಅವರಿಗೆ ಬೇಕಾದದ್ದು ತಪಾಸಣೆಯಲ್ಲ, ರೋಗನಿರ್ಣಯ. ರಕ್ತ ಕಂಡೊಡನೆ ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿ, ಮೆಡಿಕಲ್ ಶಾಪಿನ ಮುಲಾಮು ಹಚ್ಚಿಕೊಂಡು, ನಾಚಿಕೆಯಿಂದ ಮನೆಯವರಿಗೂ ಹೇಳದೆ ತಿಂಗಳುಗಟ್ಟಲೆ ತಳ್ಳುವುದು ಅತಿ ದೊಡ್ಡ ಅಪಾಯ. ಮೂಲವ್ಯಾಧಿ ಇದ್ದವರಿಗೂ ಕ್ಯಾನ್ಸರ್ ಬರಬಹುದು. ಕಾರಣ ತಿಳಿಯದ ರಕ್ತಹೀನತೆ, ತೂಕ ಇಳಿಯುವುದು, ವಾರಗಟ್ಟಲೆ ಮಲವಿಸರ್ಜನೆಯ ರೀತಿ ಬದಲಾಗಿರುವುದು ಕೂಡ ವೈದ್ಯರ ಬಳಿಗೆ ಹೋಗಲು ಸಾಕಷ್ಟು ಕಾರಣ.

ತೊಂದರೆಯಿಲ್ಲದವರಿಗೆ ಸುಲಭದ ದಾರಿ ‘ಫಿಟ್’ ಎಂಬ ಮಲಪರೀಕ್ಷೆ. ಕಣ್ಣಿಗೆ ಕಾಣದ ರಕ್ತವನ್ನು ಅದು ಪತ್ತೆಮಾಡುತ್ತದೆ. ಮಾನವ ರಕ್ತದ ಪ್ರೋಟೀನನ್ನಷ್ಟೇ ಗುರುತಿಸುವುದರಿಂದ ಆಹಾರದ ಪಥ್ಯ ಬೇಡ. ಇದನ್ನು ವರ್ಷಕ್ಕೊಮ್ಮೆ ಮಾಡಿಸಬೇಕು. ರಕ್ತ ಕಂಡರೆ ಕ್ಯಾನ್ಸರ್ ಇದೆ ಎಂದಲ್ಲ. ಆದರೆ ಕೊಲೊನೊಸ್ಕೊಪಿ ತಪ್ಪಿಸುವಂತಿಲ್ಲ. ಮಲಪರೀಕ್ಷೆಯ ಪ್ರಯೋಜನ ನಿಲ್ಲುವುದೇ ಈ ಎರಡನೇ ಹೆಜ್ಜೆಯ ಮೇಲೆ.

ಕೊಲೊನೊಸ್ಕೊಪಿಯಲ್ಲಿ ಕ್ಯಾಮೆರಾ ಇರುವ ಬಾಗುವ ಕೊಳವೆಯನ್ನು ಗುದದ ಮೂಲಕ ಒಳಗೆ ಬಿಟ್ಟು ಇಡೀ ದೊಡ್ಡಕರುಳನ್ನು ನೋಡುತ್ತಾರೆ, ಪಾಲಿಪ್ ಸಿಕ್ಕರೆ ಸಾಮಾನ್ಯವಾಗಿ ಆಗಲೇ ತೆಗೆಯುತ್ತಾರೆ. ಜನ ದೂರುವುದು ಪರೀಕ್ಷೆಗಿಂತ ಅದರ ಹಿಂದಿನ ದಿನವನ್ನು: ಕರುಳು ಪೂರ್ತಿ ತೊಳೆದುಹೋಗುವಂತೆ ಔಷಧಿಯ ನೀರು ಕುಡಿಯಬೇಕು, ಅದಕ್ಕೂ ಮೊದಲು ಜೋಳದ ಭಾಕರಿ, ಸೊಪ್ಪು, ಸೀಬೆಯಂಥ ಬೀಜದ ಹಣ್ಣು ಬಿಡಬೇಕು. ಕರುಳು ಸ್ವಚ್ಛವಾಗದಿದ್ದರೆ ಸಣ್ಣ ಗಂಟು ಕಣ್ತಪ್ಪುತ್ತದೆ. ಪರೀಕ್ಷೆಗೆ ಅರ್ಧ ಗಂಟೆಯಷ್ಟು ಹಿಡಿಯುತ್ತದೆ. ಮಂಪರಿನ ಮದ್ದು ಕೊಡುವುದರಿಂದ ಜೊತೆಗೊಬ್ಬರು ಇರಬೇಕು, ಆ ದಿನ ಗಾಡಿ ಓಡಿಸಬಾರದು. ಕರುಳಿಗೆ ತೂತು ಬೀಳುವ ಅಪಾಯ ಇದೆ, ಅದು ಬಹಳ ಅಪರೂಪ. ಏನೂ ಸಿಗದಿದ್ದರೆ ಸಾಮಾನ್ಯರಿಗೆ ಮುಂದಿನ ಹತ್ತು ವರ್ಷ ಬೇಡ. ಪಾಲಿಪ್ ತೆಗೆದವರು ಅದರ ಗಾತ್ರ, ಸಂಖ್ಯೆ, ಬಗೆ ನೋಡಿ ವೈದ್ಯರು ಹೇಳಿದಷ್ಟು ಬೇಗ ಮರಳಬೇಕು. 75 ದಾಟಿದ ಮೇಲೆ ತಪಾಸಣೆ ಮುಂದುವರಿಸಬೇಕೇ ಎಂಬುದು ಒಬ್ಬೊಬ್ಬರ ಆರೋಗ್ಯ ನೋಡಿ ನಿರ್ಧರಿಸುವ ಮಾತು.