ಎರಡು ಗುಳಿಗೆ, ಇಬ್ಬರು ವೈದ್ಯರು

ಖಿನ್ನತೆಗೆ ಔಷಧ ತೆಗೆದುಕೊಳ್ಳುವುದು ನಮ್ಮ ಕುಟುಂಬಗಳಲ್ಲಿ ಇನ್ನೂ ಮುಚ್ಚಿಡುವ ವಿಷಯ. ಸಂತಾನ ನಿಯಂತ್ರಣದ ಗುಳಿಗೆಯೂ ಹಾಗೆಯೇ. ಎರಡೂ ಸೊಸೆಯ ಕಪಾಟಿನಲ್ಲಿ ಸೀರೆಯ ಮಡಿಕೆಯೊಳಗೆ ಅಡಗಿರುತ್ತವೆ. ಉದ್ರಿ ಖಾತೆಯಲ್ಲಿ ಒಂದು ರೂಪಾಯಿ ತಪ್ಪಿದರೂ ರಾತ್ರಿಯೆಲ್ಲ ಹುಡುಕುವ ನಾವು, ಇವೆರಡನ್ನು ಒಟ್ಟಿಗೆ ನುಂಗಬಹುದೇ ಎಂದು ಮಾತ್ರ ಯಾರನ್ನೂ ಕೇಳುವುದಿಲ್ಲ. ಗಡಿಯ ಊರುಗಳಲ್ಲಿ ಮತ್ತೊಂದು ತೊಡಕು. ಜತ್ತ, ಅಕ್ಕಲಕೋಟೆಯ ಹೆಣ್ಣುಮಗಳು ಮಾನಸಿಕ ತಜ್ಞರಿಗಾಗಿ ಸೊಲ್ಲಾಪುರಕ್ಕೋ ಮಿರಜಕ್ಕೋ ಹೋಗುತ್ತಾಳೆ. ಬಸಿರು-ಬಾಣಂತನದ ಮಾತಿಗೆ ತವರೂರು ವಿಜಯಪುರದ ವೈದ್ಯರೇ ಬೇಕು. ಒಬ್ಬರು ಬರೆದ ಚೀಟಿ ಇನ್ನೊಬ್ಬರ ಕಣ್ಣಿಗೆ ಬೀಳುವುದಿಲ್ಲ.

ಮೊದಲು ಸಮಾಧಾನದ ಮಾತು. ಖಿನ್ನತೆಗೆ ಈಗ ಸಾಮಾನ್ಯವಾಗಿ ಬರೆದುಕೊಡುವ ಫ್ಲುಆಕ್ಸೆಟಿನ್, ಸರ್ಟ್ರಾಲಿನ್, ಎಸ್ಸಿಟಾಲೊಪ್ರಾಮ್ ಔಷಧಗಳು ಸಂತಾನ ನಿಯಂತ್ರಣ ಗುಳಿಗೆಯ ಬಲವನ್ನು ಕುಂದಿಸುವುದಿಲ್ಲ. ಆರಂಭದ ದಿನಗಳಲ್ಲಿ ಕೆಲವರಿಗೆ ಹೊಟ್ಟೆ ತೊಳಸುವುದುಂಟು. ಸಂತಾನ ನಿಯಂತ್ರಣದ ಗುಳಿಗೆ ನುಂಗಿದ 2 ಗಂಟೆಯೊಳಗೆ ವಾಂತಿಯಾದರೆ ಇನ್ನೊಂದನ್ನು ನುಂಗಬೇಕು. ಅಮಿಟ್ರಿಪ್ಟಿಲಿನ್‌ನಂತಹ ಹಳೆಯ ಔಷಧದ ಪ್ರಮಾಣ ಮಾತ್ರ ರಕ್ತದಲ್ಲಿ ತುಸು ಏರಬಹುದು. ಮಂಪರು, ಬಾಯಿ ಒಣಗುವುದು ಹೆಚ್ಚಾದರೆ ವೈದ್ಯರಿಗೆ ತಿಳಿಸಬೇಕು.

ತೊಂದರೆಯಿರುವುದು ಬೇರೆ ಕೆಲವು ಔಷಧಗಳಲ್ಲಿ. ಮನಸ್ಸು ಒಮ್ಮೆ ಉಬ್ಬಿ ಒಮ್ಮೆ ಕುಗ್ಗುವ ಕಾಯಿಲೆಗೂ ಮೂರ್ಛೆರೋಗಕ್ಕೂ ಕೊಡುವ ಕಾರ್ಬಮಜೆಪಿನ್ ಇದೆಯಲ್ಲ, ಅದು ಯಕೃತ್ತಿನ ಕೆಲಸವನ್ನು ಚುರುಕುಗೊಳಿಸುತ್ತದೆ. ಆಗ ಗುಳಿಗೆಯ ಹಾರ್ಮೋನು ದೇಹದಲ್ಲಿ ಬೇಗನೆ ಕರಗಿಹೋಗುತ್ತದೆ. ಒಂದು ದಿನವೂ ತಪ್ಪದೆ ನುಂಗಿದರೂ ಬಸಿರು ನಿಲ್ಲಬಹುದು. ಆ ಔಷಧದಿಂದ ಶಿಶುವಿನ ಬೆನ್ನುಹುರಿಗೆ ದೋಷ ಬರುವ ಭಯವೂ ಇದೆ. ಲ್ಯಾಮೊಟ್ರಿಜಿನ್‌ನದು ತಿರುವುಮುರುವು. ಈಸ್ಟ್ರೋಜನ್ ಇರುವ ಗುಳಿಗೆ ಅದರ ಪ್ರಮಾಣವನ್ನೇ ಸುಮಾರು ಅರ್ಧಕ್ಕೆ ಇಳಿಸುತ್ತದೆ, ಹಿಡಿತಕ್ಕೆ ಬಂದಿದ್ದ ಕಾಯಿಲೆ ಮರುಕಳಿಸಬಹುದು. ಇಂತಹವರಿಗೆ ಹಾರ್ಮೋನಿಲ್ಲದ ಕಾಪರ್-ಟಿ ಇದೆ. ಯಾವ ಔಷಧವೂ ಅದರ ಬಲ ಕಡಿಮೆ ಮಾಡುವುದಿಲ್ಲ.

ಗಿಡಮೂಲಿಕೆ, ಹಿಂಸೆಯಿಲ್ಲದ್ದು ಎಂದರೆ ನಮ್ಮ ಮನೆಗಳ ಬಾಗಿಲು ಬೇಗ ತೆರೆಯುತ್ತದೆ. ವಿದೇಶದಲ್ಲಿರುವ ನೆಂಟರು ಮನಸ್ಸಿನ ನೆಮ್ಮದಿಗೆಂದು ತರುವ ಸೇಂಟ್ ಜಾನ್ಸ್ ವರ್ಟ್ ಹಳದಿ ಹೂವಿನ ಗಿಡದ್ದೇ, ನಿಜ. ಆದರೆ ಕಾರ್ಬಮಜೆಪಿನ್‌ನಂತೆಯೇ ಅದೂ ಗುಳಿಗೆಯ ಬಲ ಕುಗ್ಗಿಸುತ್ತದೆ. ಖಿನ್ನತೆಯ ಔಷಧದ ಜೊತೆ ಸೇರಿದರೆ ನಡುಕ, ಜ್ವರ, ಗಾಬರಿ ತರುವ ಅಪಾಯವೂ ಇದೆ.

ದಶಲಕ್ಷಣ ಪರ್ವ, ಪಂಚಕಲ್ಯಾಣ, ಶಿಖರಜಿ ಯಾತ್ರೆ ಬಂದಾಗ ಮುಟ್ಟು ಮುಂದೂಡಲು ನುಂಗುವ ನಾರ್‌ಎಥಿಸ್ಟಿರೋನ್ ಕೂಡ ಹಾರ್ಮೋನೇ. ವೈದ್ಯರನ್ನು ಕೇಳದೆ ಅಂಗಡಿಯಿಂದ ತರಿಸಿ ನುಂಗುವ ರೂಢಿ ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಅದರಿಂದ ಕೆಲವರ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಹಿಂದೆ ರಕ್ತ ಹೆಪ್ಪುಗಟ್ಟಿದವರಂತೂ ಮುಟ್ಟಲೇಬಾರದು. ಉಪವಾಸವೆಂದು ಖಿನ್ನತೆಯ ಔಷಧವನ್ನು ತಟ್ಟನೆ ಬಿಡುವುದೂ ಬೇಡ: ತಲೆಸುತ್ತು, ನಿದ್ದೆಗೇಡು ಶುರುವಾಗುತ್ತದೆ. ಸೂರ್ಯಾಸ್ತಕ್ಕೆ ಮೊದಲೇ ತೆಗೆದುಕೊಳ್ಳುವಂತೆ ವೇಳೆ ಬದಲಿಸಬಹುದೇ ಎಂದು ಪರ್ವಕ್ಕೆ ಮುಂಚೆಯೇ ವೈದ್ಯರನ್ನು ಕೇಳಿ.

ಯಾವ ವೈದ್ಯರ ಬಳಿ ಹೋದರೂ ನುಂಗುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿಗಳನ್ನೇ ಒಯ್ಯಿರಿ, ಬಾಯಿಮಾತು ಸಾಲದು. ಕನ್ನಡ ಬಾರದ ವೈದ್ಯರೂ ಅವುಗಳ ಮೇಲಿನ ಹೆಸರನ್ನು ಓದಿಕೊಳ್ಳುತ್ತಾರೆ.