ನಕ್ಷೆಯಲ್ಲಿದ್ದ ಮಸಣ

1991ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಸ್ತೆಯಲ್ಲಿ ಅಮೆರಿಕ ಸರ್ಕಾರ 34 ಅಂತಸ್ತಿನ ಕಚೇರಿ ಕಟ್ಟಿಸಲು ಪಾಯ ತೆಗೆಸುತ್ತಿತ್ತು. ಅಲ್ಲಿ ಹಿಂದೆ ಏನಿತ್ತೆಂಬುದು ಗುಟ್ಟೇನಲ್ಲ. 1755ರ ನಕ್ಷೆಯಲ್ಲಿ ಆ ಜಾಗಕ್ಕೆ ‘ನೀಗ್ರೋಗಳ ಮಸಣ’ ಎಂದೇ ಬರೆದಿದೆ. ಕಾಮಗಾರಿಗೆ ಮೊದಲು ಸ್ಥಳ ಪರಿಶೀಲಿಸಿದವರೂ ಆ ನಕ್ಷೆ ನೋಡಿದ್ದರು. ಆದರೆ ನಂತರ ಎದ್ದ ಕಟ್ಟಡಗಳ ನೆಲಮಾಳಿಗೆಗಳು ಗೋರಿಗಳನ್ನೆಲ್ಲ ಅಳಿಸಿಹಾಕಿರುತ್ತವೆ ಎಂದು ಭಾವಿಸಿ ಮುಂದುವರಿದರು.

ಅದು ಮೊದಲು ತಗ್ಗು ಪ್ರದೇಶ. ನಗರ ಬೆಳೆಯುತ್ತ ಬಂದಂತೆ ಹಲವು ಆಳೆತ್ತರ ಮಣ್ಣು ಸುರಿದು ಮಟ್ಟ ಮಾಡಿದ್ದರು. ಹಳೆಯ ಓಣಿಯೊಂದರ ಕೆಳಗೆ, ಯಾರೂ ನೆಲಮಾಳಿಗೆ ತೋಡದ ಕಡೆ, ಆ ಮಣ್ಣಿನಡಿಯಲ್ಲಿ ಶವಪೆಟ್ಟಿಗೆಗಳು ಒಂದೊಂದಾಗಿ ಕಂಡವು.

ಸಿಕ್ಕದ್ದನ್ನು ಬೇಗಬೇಗ ಎತ್ತಿ ಕಟ್ಟಡ ಮುಗಿಸುವ ಆತುರವಿತ್ತು. ಅವಸರದಲ್ಲಿ ಕೆಲವು ಗೋರಿಗಳಿಗೆ ಧಕ್ಕೆಯೂ ಆಯಿತು. ಸುದ್ದಿ ಹಬ್ಬಿದಾಗ ನಗರದ ಕಪ್ಪು ಜನ ಬೀದಿಗಿಳಿದರು. ಮೇಯರ್ ಡೇವಿಡ್ ಡಿಂಕಿನ್ಸ್ ದನಿಗೂಡಿಸಿದರು, ಸಂಸತ್ತು ಮಧ್ಯೆ ಬಂತು. 1992ರಲ್ಲಿ ಅಗೆತ ನಿಂತಿತು. ಆ ಹೊತ್ತಿಗೆ 419 ಮಂದಿಯ ಅವಶೇಷಗಳು ಸಿಕ್ಕಿದ್ದವು.

ಅಧ್ಯಯನ ಹೋವರ್ಡ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞ ಮೈಕೆಲ್ ಬ್ಲೇಕಿಯವರ ತಂಡಕ್ಕೆ ಬಂದದ್ದು ಈ ಹೋರಾಟದಿಂದ. ನನ್ನ ದೃಷ್ಟಿಯಲ್ಲಿ ನಿಜವಾದ ಶೋಧ ಶುರುವಾದದ್ದು ಅಲ್ಲಿಂದ. ಎಲುಬು ಅಳೆದು ಜನಾಂಗ ಯಾವುದೆಂದು ಹೇಳಿ ಮುಗಿಸುವ ಬದಲು, ಇವರು ಎಲ್ಲಿಂದ ಬಂದರು, ಹೇಗೆ ಬದುಕಿದರು, ಹೇಗೆ ಎದುರಿಸಿ ನಿಂತರು ಎಂದು ಬ್ಲೇಕಿ ಕೇಳಿದರು. ಸತ್ತವರ ವಾರಸುದಾರರ ಜೊತೆ ಕೂತು ರೂಪಿಸಿದ ಪ್ರಶ್ನೆಗಳು ಅವು.

ಎಲುಬುಗಳು ಉತ್ತರ ಕೊಟ್ಟವು. ಮಿತಿಮೀರಿದ ಹೊರೆಯಿಂದ ಸ್ನಾಯು ಎಲುಬಿಗೆ ಕೂಡುವ ಜಾಗವೇ ಕಿತ್ತುಬಂದ ಗುರುತು ಅನೇಕರಲ್ಲಿತ್ತು. ನೂರಕ್ಕೆ ನಲವತ್ತರಷ್ಟು ಮಕ್ಕಳು. ಒಬ್ಬಾಕೆಯ ಹಲ್ಲುಗಳನ್ನು ಆಫ್ರಿಕದ ರೂಢಿಯಂತೆ ಉಜ್ಜಿ ರೂಪ ಕೊಡಲಾಗಿತ್ತು. ಅವಳ ಸೊಂಟದಲ್ಲಿ ನೂರಕ್ಕೂ ಹೆಚ್ಚು ಮಣಿಗಳು, ನಡುನಡುವೆ ಕವಡೆ ಪೋಣಿಸಿದ ಉಡಿದಾರ. ಕೊಳ್ಳುವವರ, ಮಾರುವವರ ಕೈ ದಾಟಿ ಬಂದ ಹೆಂಗಸು ಅವಳು. ಅಷ್ಟು ಮಣಿಗಳನ್ನು ಯಾರೋ ಜತನ ಮಾಡಿ ಅವಳೊಂದಿಗೇ ಕಳಿಸಿದ್ದರು.

ಆ ಕಾಲದ ಕಾನೂನನ್ನು ಪಕ್ಕದಲ್ಲಿಟ್ಟಾಗ ಇದರ ತೂಕ ತಿಳಿಯುತ್ತದೆ. 1697ರಲ್ಲಿ ಟ್ರಿನಿಟಿ ಚರ್ಚು ತನ್ನ ಅಂಗಳದಲ್ಲಿ ಕಪ್ಪು ಜನರನ್ನು ಹೂಳುವಂತಿಲ್ಲ ಎಂದಿತ್ತು. ಗುಲಾಮರನ್ನು ಹಗಲಲ್ಲೇ ಹೂಳಬೇಕು, ಹನ್ನೆರಡಕ್ಕಿಂತ ಹೆಚ್ಚು ಗುಲಾಮರು ಸೇರಬಾರದು ಎಂದು ನಗರಾಡಳಿತ ವಿಧಿಸಿತ್ತು. ಜನ ಸೇರಿದರೆ ದಂಗೆಯಾದೀತೆಂಬ ಭಯ ಅದಕ್ಕೆ. ಇಷ್ಟು ಕಟ್ಟಳೆಗಳ ನಡುವೆಯೂ ಬಹುತೇಕ ಎಲ್ಲರಿಗೂ ಪೆಟ್ಟಿಗೆ ಒದಗಿತ್ತು, ಹೆಚ್ಚಿನವರನ್ನು ತಲೆ ಪಶ್ಚಿಮಕ್ಕೆ ಮಾಡಿ ಒಬ್ಬೊಬ್ಬರನ್ನೇ ಮಲಗಿಸಲಾಗಿತ್ತು.

ಗುಲಾಮಗಿರಿಯೆಂದರೆ ದಕ್ಷಿಣದ ಹತ್ತಿ ಹೊಲಗಳ ಕತೆ ಎಂದು ಅಮೆರಿಕದ ಬಹುಪಾಲು ಜನ ನಂಬಿದ್ದರು. ಆದರೆ 1703ರ ನ್ಯೂಯಾರ್ಕಿನಲ್ಲಿ ನೂರಕ್ಕೆ ನಲವತ್ತು ಮನೆಗಳಲ್ಲಿ ಗುಲಾಮರಿದ್ದರು. ಅಲ್ಲಿ ಆ ಪದ್ಧತಿ ಕೊನೆಗೊಂಡದ್ದು 1827ರಲ್ಲಿ.

2003ರ ಅಕ್ಟೋಬರಿನಲ್ಲಿ, ಘಾನಾದಲ್ಲಿ ಕೈಯಿಂದ ಕೆತ್ತಿಸಿ ತಂದ ಪೆಟ್ಟಿಗೆಗಳಲ್ಲಿ 419 ಮಂದಿಯನ್ನೂ ಅದೇ ನೆಲದಲ್ಲಿ ಮರಳಿ ಹೂಳಲಾಯಿತು. 2006ರಲ್ಲಿ ಅದು ರಾಷ್ಟ್ರೀಯ ಸ್ಮಾರಕವಾಯಿತು. ಸುಮಾರು 15,000 ಜನರನ್ನು ಆ ಮಸಣದಲ್ಲಿ ಹೂತಿದ್ದರೆಂದು ಅಂದಾಜು. ಯಾವ ಕಟ್ಟಡಕ್ಕಾಗಿ ಅಗೆದರೋ ಅದರ ನೆಲ ಅಂತಸ್ತಿನಲ್ಲೇ ಈಗ ಅವರ ಇತಿಹಾಸ ಹೇಳುವ ಕೇಂದ್ರವಿದೆ.