ಪರೇಲಿನ ಬೈಲ್‌ಘೋಡಾ ಆಸ್ಪತ್ರೆ, ಅಲ್ಲಿಗೆ ತಲುಪುವ ಮುನ್ನ

ಬಾಯಿ ಸಕರ್‌ಬಾಯಿ ದಿನ್ಶಾ ಪೆಟಿಟ್ ಆಸ್ಪತ್ರೆ ಎಂದು ಮುಂಬಯಿಯ ಟ್ಯಾಕ್ಸಿಯವರಿಗೆ ಪೂರ್ತಿ ಹೆಸರು ಹೇಳಬೇಕಾಗಿಲ್ಲ. ಪರೇಲಿನ ಬೈಲ್‌ಘೋಡಾ, ಅಂದರೆ ಎತ್ತು-ಕುದುರೆ ಆಸ್ಪತ್ರೆ, ಎಂದರೆ ಸಾಕು. ಈ ಊರಿನಲ್ಲಿ ಕುದುರೆ ಟ್ರಾಮು ಓಡತೊಡಗಿದ್ದು 1874ರಲ್ಲಿ. ಪ್ರಾಣಿಹಿಂಸೆ ತಡೆಯಲೆಂದು ಬಾಂಬೆ ಎಸ್‌ಪಿಸಿಎ ಹುಟ್ಟಿದ್ದೂ ಅದೇ ವರ್ಷ. ಗಿರಣಿ ಧಣಿ ಸರ್ ದಿನ್ಶಾ ಮಾನೆಕ್‌ಜಿ ಪೆಟಿಟ್ ಕೊಟ್ಟ ದಾನದಿಂದ 1883ರಲ್ಲಿ ಅದರ ಈ ಆಸ್ಪತ್ರೆ ಎದ್ದಿತು, ಅವರ ಹೆಂಡತಿಯ ಹೆಸರನ್ನೇ ಹೊತ್ತಿತು. 1886ರಲ್ಲಿ ಪಕ್ಕದಲ್ಲೇ ಪಶುವೈದ್ಯಕೀಯ ಕಾಲೇಜೂ ಬಂತು.

ಈಗ ಬಾಗಿಲಿಗೆ ಬರುವವು ಹೆಚ್ಚಾಗಿ ನಾಯಿ, ಬೆಕ್ಕು. ಸಂಕ್ರಾಂತಿಯ ಹೊತ್ತಿಗೆ ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕೊಯ್ದುಕೊಂಡ ಪಾರಿವಾಳ, ಹದ್ದು. 2024ರ ಜುಲೈನಲ್ಲಿ ಮಹಾಲಕ್ಷ್ಮಿಯಲ್ಲಿ ರತನ್ ಟಾಟಾ ಕನಸು ಕಂಡ ಸಾಕುಪ್ರಾಣಿಗಳ ಆಸ್ಪತ್ರೆಯೂ ತೆರೆಯಿತು. ಅಲ್ಲಿ ಹಗಲೂ ರಾತ್ರಿಯೂ ತುರ್ತು ಚಿಕಿತ್ಸೆ ಸಿಗುತ್ತದೆ. ಆದರೆ ಹೊರವಲಯದ ದಹಿಸರ್, ಮುಲುಂಡ್, ಡೊಂಬಿವಲಿಯವರಿಗೆ ಇವೆರಡೂ ದೂರ. ದಾದರ್, ಪರೇಲಿನ ನಡುವಿನ ಹಿಂದ್‌ಮಾತಾದಲ್ಲಿ ಮಳೆನೀರು ನಿಂತ ದಿನವಂತೂ ದಾದರಿನವರಿಗೂ ದೂರವೇ. ಆಸ್ಪತ್ರೆ ಸೇರುವ ತನಕದ ಹೊತ್ತನ್ನು ದಾಟಿಸಬೇಕಾದವರು ಮನೆಯವರು. ಅದಕ್ಕೆ ಬೇಕಾದ ವಿದ್ಯೆ ಕಷ್ಟದ್ದಲ್ಲ, ನಾಯಿ ಸಾಕುವವರೆಲ್ಲ ಕಲಿಯಲೇಬೇಕಾದದ್ದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ರಿಕ್ಷಾ ಬಡಿದ ನಾಯಿಯನ್ನೇ ತೆಗೆದುಕೊಳ್ಳಿ. ಎಷ್ಟೇ ಸಾಧುವಾದರೂ ನೋವಿಗೆ ಕಚ್ಚುತ್ತದೆ. ದುಪಟ್ಟಾವನ್ನು ಮೂತಿಗೆ ಸುತ್ತಿ, ಗದ್ದದ ಕೆಳಗೆ ಹಾಯಿಸಿ, ಕಿವಿಗಳ ಹಿಂದೆ ಗಂಟು ಹಾಕಬೇಕು. ವಾಂತಿ ಮಾಡುತ್ತಿದ್ದರೆ, ಉಸಿರಿಗೆ ಒದ್ದಾಡುತ್ತಿದ್ದರೆ ಮಾತ್ರ ಬಾಯಿ ಕಟ್ಟಲೇಬಾರದು. ರಕ್ತ ಬರುವಲ್ಲಿ ಶುಭ್ರ ಬಟ್ಟೆಯಿಟ್ಟು ಒತ್ತಿ ಹಿಡಿಯಿರಿ. ನಿಂತಿತೇ ಎಂದು ಎತ್ತಿ ಎತ್ತಿ ನೋಡಬೇಡಿ, ಬಟ್ಟೆ ನೆಂದರೆ ಅದರ ಮೇಲೆಯೇ ಇನ್ನೊಂದನ್ನಿಡಿ. ಬೆನ್ನುಮೂಳೆಗೆ ಪೆಟ್ಟಾಗಿರಬಹುದು, ಹಾಗಾಗಿ ಹಲಗೆಯ ಮೇಲೋ, ಇಬ್ಬರು ಬಿಗಿಯಾಗಿ ಹಿಡಿದ ಚಾದರದ ಮೇಲೋ ಮಲಗಿಸಿಯೇ ಒಯ್ಯಬೇಕು. ತುಟಿ ಸರಿಸಿ ಒಸಡನ್ನು ಬೆರಳಿನಿಂದ ಒತ್ತಿ ಬಿಡಿ. ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ಬಿಳಿಚಿಕೊಂಡೇ ಇದ್ದರೆ ಒಳಗೆ ರಕ್ತ ಸೋರುತ್ತಿರಬಹುದು; ಅದನ್ನು ಫೋನಿನಲ್ಲೇ ವೈದ್ಯರಿಗೆ ತಿಳಿಸಿ.

ಮೇ ತಿಂಗಳ ಸೆಖೆಗೆ ಚಪ್ಪಟೆ ಮೂತಿಯ ಪಗ್ ನಾಯಿಗಳು ಬೇಗ ಕುಸಿಯುತ್ತವೆ. ನಲ್ಲಿ ನೀರು ಸುರಿದು ಫ್ಯಾನಿನ ಕೆಳಗೆ ಮಲಗಿಸಿ. ಮಂಜುಗಡ್ಡೆಯ ನೀರು ಬೇಡ. ಬೆಕ್ಕಿಗೆ ಜ್ವರವೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಟ್ಟರೆ ಅದು ವಿಷ: ಬೆಕ್ಕಿನ ಯಕೃತ್ತಿಗೆ ಅದನ್ನು ಅರಗಿಸುವ ಶಕ್ತಿಯಿಲ್ಲ, ರಕ್ತ ಆಮ್ಲಜನಕ ಹೊರಲಾರದಂತಾಗುತ್ತದೆ. ಮಳೆಗಾಲದಲ್ಲಿ ಬೀದಿನಾಯಿಯ ಗಾಯಕ್ಕೆ ಹುಳ ಬಿದ್ದಾಗ ಸೀಮೆಎಣ್ಣೆ, ಫಿನಾಯಿಲ್ ಸುರಿಯುವುದೂ ಅಷ್ಟೇ ಕ್ರೂರ.

ಇಂಥ ಗಾಯಗಳನ್ನು ರಸ್ತೆಯಲ್ಲೇ ತೊಳೆದು ಮದ್ದು ಹಾಕುವ ಕೆಲಸವನ್ನು 1985ರಲ್ಲಿ ಶುರುವಾದ ದಿ ವೆಲ್ಫೇರ್ ಆಫ್ ಸ್ಟ್ರೇ ಡಾಗ್ಸ್ ಎಂಬ ಮುಂಬಯಿಯ ಸಂಸ್ಥೆ ಮಾಡುತ್ತ ಬಂದಿದೆ. ಆಸಕ್ತರಿಗೆ ಪ್ರಥಮ ಚಿಕಿತ್ಸೆಯನ್ನೂ ಕಲಿಸುತ್ತದೆ. ಕಲಿಯಲು ಹೋಗುವವರು ಮುಂಚಿತವಾಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳುವುದು ಕ್ಷೇಮ. ಹಲ್ಲು ತಾಗಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮುಂಚೆ ಲಸಿಕೆ ಪಡೆದವರೂ ಹೋಗಬೇಕು.